ಲೇಟ್ ಜಲಜಾಕ್ಷಿ

ಡೊಂಬಿವಲಿ (ಪೂರ್ವ)
6-3-2012

ಚಿ. ಸೌ. ನಿಕಿತಾಳಿಗೆ ಪಪ್ಪನ ಆಶೀರ್ವಾದಗಳು.

ನಾನಿಲ್ಲಿ ಸೌಖ್ಯ. ನೀವೆಲ್ಲ ಸೌಖ್ಯವೆಂದು ನಂಬಿದ್ದೇನೆ ಎಂದು ಬರೆಯಲು ಹೋದರೆ ಪೆನ್ನು ಮುಂದೆ ಹೋಗುವುದಿಲ್ಲ. ಕಾಮೋಠೆಯ ಆ ಹೊಸ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ಕೂತಿದ್ದೀರಿ, ಅದಕ್ಕೆ ಕಾರಣ ನಾನು. ನಿನ್ನ ಫೋನ್ ಎತ್ತದೇ ಇದ್ದುದಕ್ಕೂ, ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೂ ಬೇಸರಿಸಬೇಡ.

ಕನ್ನಡದಲ್ಲಿ ಏಕೆ ಬರೆದದ್ದು ಎಂದು ಕೇಳುವೆ. ನಿನಗೆ ಓದಲು ಬರುವುದಿಲ್ಲ. ಕಲಿಸದೇ ಹೋದವನು ನಾನೇ. ಆದರೆ ಫೋನಿನಲ್ಲಿ ನೀನು ಹಿಂದಿಗೆ ಹಾರುತ್ತೀ, ನಾನೂ ಹಿಂದೆ ಹಿಂದೆ ಓಡುತ್ತೇನೆ. ಹಿಂದಿಯಲ್ಲಿ ನನಗೆ ತರಕಾರಿ ಚೌಕಾಶಿ ಬರುತ್ತದೆಯೇ ಹೊರತು ನಾಚಿಕೆಪಡಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಏನಾಗುತ್ತದೆಂದು ಮೊನ್ನೆ ಎಲ್ಲರೂ ನೋಡಿದ್ದೀರಿ. ಹಾಗಾಗಿ ಇದನ್ನು ನಿನ್ನ ಅತ್ತೆ ವಿಮಲಕ್ಕ ಓದಿ ಹೇಳಲಿ. ಅವರು ಬ್ರಹ್ಮಾವರದ ಶಾಲೆಯಲ್ಲಿ ಕಲಿತವರು, ನನ್ನ ಕೋಳಿಕಾಲು ಅಕ್ಷರ ಅವರಿಗೆ ಹೊಸದಲ್ಲ. ಓದುವಾಗ ಅವರ ಮಗ ರಂಜನನೂ ಹತ್ತಿರ ಇರಲಿ.

ಇಲ್ಲಿಯ ವಿಶೇಷ ಹೆಚ್ಚೇನಿಲ್ಲ. ಸೊಸೈಟಿಯವರು ಟೆರೇಸಿಗೆ ಡಾಂಬರು ಹಾಕಿಸುತ್ತಿದ್ದಾರೆ, ಮನೆಯೆಲ್ಲ ಅದೇ ವಾಸನೆ. ಪಕ್ಕದ ಮನೆಯ ಜಯಲತಾ ನನ್ನ ಪುಟ್ಟ ಮರದ ಹಡಗು ಎಲ್ಲಿ ಹೋಯಿತೆಂದು ಕೇಳಿದರು. ಅದನ್ನು ಕಟ್ಟುವಾಗ ದಿನಾ ಬಂದು ಕುಶಾಲು ಮಾಡುತ್ತಿದ್ದವರು. "ಪ್ರೇಮಣ್ಣ, ಇದು ನೀರಿಗಿಳಿದ್ರೆ ನಂಗೂ ಒಂದು ಪಾಸ್ ತೆಗ್ದಿಡಿ, ನಮ್ಮ ಸೆಂಟ್ರಲ್ ಲೈನ್ ಟ್ರೈನ್‌ಗಿಂತ ಬೇಗ ಮುಟ್ಟಿಸೀತು."

ಆ ಹಡಗಿನ ವಿಷಯವನ್ನೇ ಹೇಳಬೇಕು. ನಿನ್ನ ಅಮ್ಮ ಹೋದ ಮೇಲೆ ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ವಾಗ್ಳೆ ಎಸ್ಟೇಟಿನ ಕಂಪನಿಯಲ್ಲಿ ಇಷ್ಟು ವರ್ಷ ಡ್ರಾಯಿಂಗ್ ಟೇಬಲ್ಲಿಗೆ ಬಗ್ಗಿದ ಬೆನ್ನು ನೆಟ್ಟಗೆ ಕೂರಲು ಒಪ್ಪುವುದಿಲ್ಲ. ಸಣ್ಣವನಿದ್ದಾಗ ಗಂಗೊಳ್ಳಿಯಲ್ಲಿ ಹಂಚು ತುಂಬಿಸಿಕೊಂಡು ಹೊರಡುತ್ತಿದ್ದ ಮಂಜಿಗಳು ಕಣ್ಣಲ್ಲಿ ಹಾಗೇ ಇದ್ದವು. ಆ ಹಾಯಿ ಹಡಗನ್ನೇ ಕಟ್ಟಲು ಕೂತೆ. ತೆಳು ಪಟ್ಟಿಗಳನ್ನು ಕುಕ್ಕರಿನ ಹಬೆಯಲ್ಲಿ ಮೆದು ಮಾಡಿ, ಪಕ್ಕೆಲುಬುಗಳ ಮೇಲೆ ಬಾಗಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಮರುದಿನದವರೆಗೆ ಮುಟ್ಟದೆ ಬಿಡಬೇಕು. ಅವಸರ ಮಾಡಿದರೆ ಟಕ್ಕೆಂದು ಮುರಿಯುತ್ತದೆ. ಹಗ್ಗಗಳಿಗೆ ಅಮ್ಮನ ಹೊಲಿಗೆ ಡಬ್ಬಿಯ ದಾರವನ್ನೇ ಮೇಣ ಸವರಿ ಹೊಸೆದೆ. ಈ ಹವ್ಯಾಸದಲ್ಲಿ ಒಂದು ರೋಗವೂ ಇದೆ, ಯಾವುದನ್ನು ನೋಡಿದರೂ ಹಡಗೇ ಕಾಣುತ್ತದೆ. ಜಯಲತಾರ ಮನೆಯ ಪರದೆ ಕೋಲು ಕಂಡರೆ ಹಾಯಿಯ ಕಂಬಕ್ಕೆ ಆದೀತು ಅನ್ನಿಸುತ್ತದೆ.

ಷಿಪ್ ಈಸ್ ಫೆಮಿನೈನ್ ಜೆಂಡರ್ ಎಂದು ಕಾಲೇಜಿನಲ್ಲಿ ಕಲಿತದ್ದು ನೆನಪಿತ್ತು. ಹೆಣ್ಣು ಎಂದ ಮೇಲೆ ಹೆಸರನ್ನು ಬೇರೆಲ್ಲಿ ಹುಡುಕುವುದು? ಹೋದವರ ಹೆಸರನ್ನು ಬರಿದಾಗಿ ಬರೆಯುವುದು ಮರ್ಯಾದೆಯಲ್ಲ, ಮದುವೆ ಕಾಗದದಲ್ಲೂ ದಿವಂಗತ ಎಂದು ಹಾಕುತ್ತೇವೆ. ನಿಮ್ಮಲ್ಲಿಗೆ ಬರುವವರು ನಾನಾ ಭಾಷೆಯವರು ಎಂದು ಹಿಂಬದಿಯಲ್ಲಿ ಚಿನ್ನದ ಬಣ್ಣದಿಂದ ಇಂಗ್ಲಿಷಿನಲ್ಲೇ ಬರೆದೆ: ಲೇಟ್ ಜಲಜಾಕ್ಷಿ. ತೀರಿಹೋದದ್ದು ಹೆಂಗಸು, ಹಡಗಲ್ಲ ಎಂಬ ಗ್ರಾಮರ್ ಹೊಳೆಯಲಿಲ್ಲ.

ಗೃಹಪ್ರವೇಶದ ದಿನ ಅದನ್ನು ಶೋಕೇಸಿನ ಮೇಲೆ ಇಟ್ಟದ್ದೇ ತಡ, ರಂಜನ್ ಓದಿ, "ಲೇಟ್? ಪಪ್ಪಾ, ಸೆಂಟ್ರಲ್ ಲೈನ್ ಕಾ ಜಹಾಜ್ ಹೈ ಕ್ಯಾ?" ಎಂದ. ಅವನ ಆಫೀಸಿನವರೆಲ್ಲ ನಕ್ಕರು. ಮರುಕ್ಷಣವೇ ಅವನು ನಾಲಗೆ ಕಚ್ಚಿಕೊಂಡದ್ದನ್ನು ನಾನು ಕಂಡಿದ್ದೇನೆ. ಅನುಷ್ಕಾ ಒಬ್ಬಳು ನಗಲಿಲ್ಲ. "ಅಜ್ಜಾ, ಲೇಟ್ ಹೈ ಮತ್ಲಬ್ ಅಜ್ಜಿ ಆನೇವಾಲಿ ಹೈ ನಾ?" ಎಂದು ಕೇಳಿತು ಮಗು. ಸ್ಟೇಷನ್ನಿನಲ್ಲಿ ಅದು ಕೇಳಿದ ಲೇಟ್ ಅಂದರೆ ಅಷ್ಟೇ ತಾನೆ, ತಡವಾದರೂ ಬರುತ್ತದೆ. ನಾನು ಹಾಂ ಎಂದೆ.

ಆಮೇಲೆ ಎಲೆಗೆ ಕೂರದೆ, ಯಾರಿಗೂ ಹೇಳದೆ ಮಾನಸರೋವರ ಸ್ಟೇಷನ್ನಿಗೆ ನಡೆದುಬಿಟ್ಟೆ. ನನ್ನ ಇಂಗ್ಲಿಷಿನ ನಾಚಿಕೆಗೆ ಹೊರಟುಹೋದೆ ಎಂದು ತಿಳಿದುಕೋ. ಹೊಸ ಮನೆಯ ಮೊದಲ ಊಟಕ್ಕೆ ಹೆತ್ತ ತಂದೆ ಇಲ್ಲವೆಂದರೆ ನಾಲ್ಕು ಜನರ ಎದುರು ನಿನಗೆ ಹೇಗಾಗಿರಬೇಡ. ರಂಜನ್ ಫೋನ್ ಮಾಡಿದ್ದ. ಅವನದೊಂದನ್ನು ಎತ್ತಿದೆ. "ಸಾರಿ ಪಪ್ಪಾ, ಮುಂಹ್ ಸೆ ನಿಕಲ್ ಗಯಾ. ನಿಕಿತಾ ಬಾತ್ ಹೀ ನಹೀ ಕರ್ ರಹೀ" ಎಂದ. ನಾನು ಕ್ಷಮಿಸುವವನ ಗತ್ತಿನಲ್ಲಿ ಪರವಾಗಿಲ್ಲ, ಆಯ್ತು ಬಿಡು ಎಂದೆ. ಆ ಗತ್ತು ನೆನೆದರೆ ಈಗ ಮೈ ಹಿಡಿಯಾಗುತ್ತದೆ. ಮಗಾ, ಅವನ ತಪ್ಪು ಏನೂ ಇಲ್ಲ. ಈ ಕಾಗದ ಮುಗಿಯುವ ಮೊದಲೇ ಅವನ ಹತ್ತಿರ ಮಾತಾಡು.

ಅನುಷ್ಕಾಳಿಗೆ ಮುದ್ದು. ವಿಮಲಕ್ಕನಿಗೆ ನಮಸ್ಕಾರ. ಆ ಮನೆಯಲ್ಲಿ ಒಲೆ ಆರದಿರಲಿ, ನಗು ಆರದಿರಲಿ, ನನ್ನನ್ನು ನೋಡಿ ನಕ್ಕರೂ ಸರಿಯೇ.

ಇತಿ ನಿನ್ನ ಪಪ್ಪ,
ಪ್ರೇಮನಾಥ

ಪಿ.ಎಸ್.: ಕಾಗದವನ್ನು ಯೋಚಿಸಿ ಬರೆದವನಿಗೆ ಪಿ.ಎಸ್. ಬೇಕಾಗುವುದಿಲ್ಲ ಎಂದು ಕಾಲೇಜಿನಲ್ಲಿ ಹೇಳುತ್ತಿದ್ದರು. ನಾನು ಯೋಚಿಸಿಯೇ ಬರೆದೆ, ಯೋಚಿಸಿಯೇ ಒಂದು ಸುಳ್ಳು ಇಟ್ಟೆ. ನಾನು ಹೊರಟದ್ದು ಆ ನಗುವಿಗಲ್ಲ. ಅವರೊಟ್ಟಿಗೆ ನಾನೂ ನಕ್ಕಿದ್ದೆ. ನೀನು ಅಡುಗೆಮನೆಯಲ್ಲಿದ್ದೆ, ನೋಡಿಲ್ಲ.

ಆಮೇಲೆ ನೀನು ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು ಕೇಳಿದೆ, "ಪಪ್ಪಾ, ಅಮ್ಮನ ವೋ ನಾರಿಯಲ್‌ವಾಲಾ ಮಣೆ ಹೈ ನಾ, ಮುಝೆ ದೇ ದೋ. ಇಸ್ ಘರ್ ಮೆ ವಹೀ ಚಾಹಿಯೆ." ಗುಜರಿಯವನಿಗೆ ಹೋಯಿತೋ ಏನೋ ಎಂದೆ. ನೀನು ಒಳಗೆ ಹೋಗಿ ಕಾಯಿಚೂರು ಹಾಕಿ ಮಿಕ್ಸರ್ ತಿರುಗಿಸಿದೆ. ಆ ಸದ್ದಿನಲ್ಲಿ ನಾನು ಚಪ್ಪಲಿ ಮೆಟ್ಟಿದೆ.

ಅಮ್ಮನ ಹೆರೆಮಣೆ ಆಗ ನಿನ್ನ ಶೋಕೇಸಿನ ಮೇಲೆಯೇ ಇತ್ತು. ಹಡಗಿಗೆಂದು ಉಲ್ಹಾಸನಗರದಿಂದ ತಂದ ಮರ ಬಿರುಕು ಬಿಟ್ಟಿತ್ತು. ಅಟ್ಟದಿಂದ ಹೆರೆಮಣೆಯನ್ನು ಇಳಿಸಿದಾಗ ನನಗೆ ಮಣೆ ಕಾಣಲಿಲ್ಲ, ಹಡಗಿನ ಬೆನ್ನೆಲುಬು ಕಂಡಿತು. ಅವಳು ಕೂತು ಕೂತು ನುಣುಪಾದ ಹಲಸು. ಗರಗಸ ಹಾಕಿದಾಗ ಕೊಬ್ಬರಿಯ ವಾಸನೆ ಬಂತು. ಆಗಲಾದರೂ ನಿಲ್ಲಿಸಬೇಕಿತ್ತು. ಪರಿಮಳ ಚೆನ್ನಾಗಿದೆ ಎಂದುಕೊಂಡು ಕೊಯ್ದೆ. ಉಳಿದದ್ದು ಅದರ ಕಬ್ಬಿಣದ ನಾಲಗೆ ಮಾತ್ರ, ನನ್ನ ಡ್ರಾಯರಿನಲ್ಲಿದೆ. ಬೇರೆ ಹಲಗೆಗೆ ಕೂರಿಸಿ ಕೊಡಬಲ್ಲೆ. ಅದು ನಿನ್ನ ಅಮ್ಮನದ್ದಾಗುವುದಿಲ್ಲ.

ವಿಮಲಕ್ಕ, ಇನ್ನು ನಿಮಗೆ. ಹಡಗಿನ ಅಡಿಗೆ ಬೆರಳಾಡಿಸಿ "ಪ್ರೇಮಣ್ಣ, ಇದು ಎಣ್ಣೆ ಕುಡಿದ ಹಲಸಲ್ವಾ?" ಎಂದು ನೀವು ಕೇಳಿದಾಗ ಸಾಗುವಾನಿ ಎಂದವನು ನಾನು. ನಿಕಿತಾ ಮಣೆ ಕೇಳಿದಾಗ ನೀವು ಒಮ್ಮೆ ಹಡಗನ್ನು ನೋಡಿದಿರಿ, ಒಮ್ಮೆ ನನ್ನನ್ನು ನೋಡಿದಿರಿ, ಆಮೇಲೆ ನೆಟ್ಟಗಿದ್ದ ಬಾಳೆಲೆಯನ್ನೇ ನೆಟ್ಟಗೆ ಮಾಡುತ್ತ ಕೂತಿರಿ. ಈ ಪಿ.ಎಸ್. ಕಂಡ ಕೂಡಲೇ ಕಾಗದ ಮಡಚಿ, ಇಷ್ಟೇ ಬರೆದದ್ದು ಎನ್ನುವವರು ನೀವು. ಅವತ್ತು ನನ್ನ ಮಾನ ಉಳಿಸಿದಿರಿ, ಇವತ್ತು ಉಳಿಸಬೇಡಿ. ಓದಿ. ಅವಳು ಏನೆಂದಳೋ ಹಾಗೆಯೇ ಬರೆದು ಕಳಿಸಿ; ಬೈದರೆ ತಿದ್ದಬೇಡಿ, ಹಿಂದಿಯಲ್ಲೇ ಬರೆಯಿರಿ.