ಸುರುಳಿ ಎಲೆಯ ಮೊಗ್ಗು

ಕೊರಾಬಿನ್, ಪಶ್ಚಿಮ ಆಸ್ಟ್ರೇಲಿಯಾ
ಶನಿವಾರ, ೧೪ ಸೆಪ್ಟೆಂಬರ್ ೧೯೯೧

ಪ್ರೀತಿಯ ಹಿಲ್ಡಕ್ಕಾ,

ಹೇಗಿದ್ದೀ? ಸೊಂಟದ ಆಪರೇಷನ್ ಆದಮೇಲೆ ಕೋಲು ಬಿಟ್ಟು ಓಡಾಡುತ್ತಿದ್ದೀ ಅಂತ ಕ್ರಿಸ್‌ಮಸ್ ಕಾರ್ಡಿನಲ್ಲಿ ನಿನ್ನ ಮಗಳು ಬರೆದಿದ್ದಳು. ಸಂತೋಷ, ಆದರೆ ಜೋಪಾನ. ನಿಮ್ಮ ಜೆರಾಲ್ಡ್‌ಟನ್ನಿನ ಗಾಳಿಗೆ ಮರಗಳೇ ನೆಲಕ್ಕೆ ಬಾಗಿ ಬೆಳೆಯುತ್ತವೆ, ನಿನ್ನ ಹೊಸ ಸೊಂಟ ಯಾವ ಲೆಕ್ಕ! ರಾತ್ರಿ ಕಾಲು ಸೆಳೆಯುವುದು ನಿಂತಿತೇ? ನಿದ್ದೆ ಬರುತ್ತದೆಯೇ? ನನಗೆ ಈ ಐದು ದಿನದಿಂದ ಇಲ್ಲ. ಈ ಕಾಗದವೇ ನಾಲ್ಕನೆಯದು, ಮೊದಲಿನ ಮೂರು ಒಲೆಗೆ ಹೋದವು. ಕೂತರೆ ಏಳಬೇಕು ಅನಿಸುತ್ತದೆ, ಎದ್ದರೆ ಕಿಟಕಿಗೆ ಹೋಗಿ ರಸ್ತೆ ನೋಡಬೇಕು ಅನಿಸುತ್ತದೆ. ಬೆಳಿಗ್ಗೆ ಚಹಾದ ಪಾತ್ರೆಗೆ ಸೊಪ್ಪು ಹಾಕದೆ ಬರೀ ಬಿಸಿನೀರು ಬಗ್ಗಿಸಿಕೊಂಡು ಅರ್ಧ ಬಟ್ಟಲು ಕುಡಿದಮೇಲೆ ಗೊತ್ತಾಯಿತು.

ಮಂಗಳವಾರ ಏನಾಯಿತು ಹೇಳುತ್ತೇನೆ. ಈ ಸಲ ವಸಂತ ತಡವಾಗಿದೆ, ಸೆಪ್ಟೆಂಬರ್ ಬಂದರೂ ಬೆಳಗಿನ ಹುಲ್ಲಿನ ಮೇಲೆ ಬಿಳಿ ಇಬ್ಬನಿ ಗಟ್ಟಿಯಾಗಿ ಕೂತಿರುತ್ತದೆ. ಹಳೆಯ ಜಲ್ಲಿಗುಂಡಿ ರಸ್ತೆಯ ಪಕ್ಕ ಆ ಕುರುಚಲು ಕಾಡಿನ ಪಟ್ಟಿ ಇದೆಯಲ್ಲ, ಗೋಧಿ ಹೊಲಕ್ಕೂ ರಸ್ತೆಗೂ ನಡುವೆ, ಅಲ್ಲಿಗೆ ಹೋಗಿದ್ದೆ. ನೀನು ಕಲಿಸಿದ ಹಾಗೆಯೇ ಮೊದಲು ಸುಮ್ಮನೆ ನಿಂತೆ. "ಹುಡುಕ್ಬೇಡ ಕಣೇ, ನಿಂತ್ಕೋ, ಕಣ್ಣು ತಾನಾಗೇ ಕೆಳಗಿಳಿಯುತ್ತೆ" ಅನ್ನುತ್ತಿದ್ದೆಯಲ್ಲ. ಇಳಿಯಿತು. ಕತ್ತೆಕಿವಿ ಆರ್ಕಿಡ್‌ಗಳು ಅಲ್ಲೊಂದು ಇಲ್ಲೊಂದು, ಒಂದು ಜೇಡ ಆರ್ಕಿಡ್ ಕಾಲು ಇಳಿಬಿಟ್ಟುಕೊಂಡು ಗಾಳಿಗೆ ತೂಗುತ್ತಿತ್ತು. ಅದರಾಚೆ ನೋಡುತ್ತೇನೆ, ಕೆಂಪು ಪಟ್ಟಿ ಕಟ್ಟಿದ ಗೂಟಗಳು! ಗೋಧಿ ಲಾರಿಗಳಿಗೆ ಸಾಲದು ಅಂತ ಕೌನ್ಸಿಲ್‌ನವರು ರಸ್ತೆ ಅಗಲ ಮಾಡುತ್ತಿದ್ದಾರೆ. ಬೈದುಕೊಂಡು ಒಂದು ಗೂಟದ ಹತ್ತಿರ ಹೋದೆ. ಅದರ ಬುಡದಲ್ಲಿ ಇತ್ತು ಅಕ್ಕಾ, ಬಡಗಿ ಉಜ್ಜುಗೊರಡು ಹಾಕಿದಾಗ ಮರದ ಸಿಪ್ಪೆ ಏಳುತ್ತದಲ್ಲ, ಹಾಗೆ ಸುತ್ತಿಕೊಂಡ ಎಲೆ. ಮೊಣಕಾಲೂರಿ ಎಣಿಸಿದೆ. ಹನ್ನೊಂದು ಗಿಡ. ಮೊಗ್ಗು ಮಾತ್ರ ಒಂದೇ, ಅದೂ ಬಾಯಿ ಬಿಗಿದುಕೊಂಡಿತ್ತು.

ಸುರುಳಿ ಎಲೆ ಅಂದಮಾತ್ರಕ್ಕೆ ಅದು ನಮ್ಮ ಅಪರೂಪದ ರಾಣಿ ಆರ್ಕಿಡ್ಡೇ ಆಗಬೇಕಿಲ್ಲ ಅಂತ ನನಗೂ ಗೊತ್ತು. ನೀನೇ ಎಷ್ಟು ಸಲ ನನ್ನ ತಲೆಗೆ ಮೊಟಕಿ ಹೇಳಿದ್ದೀ, ಗುಂಗುರು ಕೂದಲಿನ ಆರ್ಕಿಡ್‌ಗೂ ಇದೇ ಎಲೆ, ಅದು ಈ ಸೀಮೆಯಲ್ಲಿ ಬೇಕಾದಷ್ಟು. ಹೂ ಅರಳಿ ನಡುವಿನ ಕಂಬ ಕಾಣುವ ತನಕ ಹೆಸರು ಹೇಳಬಾರದು ಅಂತ. ಬುಧವಾರ ಕೌನ್ಸಿಲ್ ಕಚೇರಿಗೆ ಹೋದಾಗ ಆ ಎಂಜಿನಿಯರ್ ಮಹಾಶಯನೂ ಅದನ್ನೇ ಹೇಳಿದ, ನಗುತ್ತಾ. "ಗುಂಗುರು ಆದ್ರೆ ರಸ್ತೆ ನಿಲ್ಸಲ್ಲಮ್ಮ, ರಾಣಿ ಆದ್ರೆ ನಿಲ್ಲಿಸ್ತೀನಿ. ಯಾವುದು ಅಂತ ಬರಹದಲ್ಲಿ ತಗೊಂಡ್ಬನ್ನಿ. ಶುಕ್ರವಾರ ಬೆಳಿಗ್ಗೆ ನೆಲ ಕೆರೆಯೋ ಗ್ರೇಡರ್ ಬರುತ್ತೆ." ಹೂವಿಗೋ ಬಿಸಿಲು ಬೇಕು. ಬಿಸಿಲು ಕಾದ ದಿನ ಮಾತ್ರ ಕಣ್ಣು ಬಿಡುವ ಜಾತಿ ಅದು, ಮೋಡವೋ ತೆಂಕಣ ಸಮುದ್ರದಿಂದ ಕಂಬಳಿಯ ಹಾಗೆ ಬಂದು ಹೊದ್ದುಕೊಂಡಿತ್ತು. ಪರ್ತ್‌ನ ಸಸ್ಯ ಸಂಗ್ರಹಾಲಯಕ್ಕೆ ಫೋನ್ ಮಾಡಿದರೆ ಯಾರಾದರೂ ಬಂದಾರು. ಆದರೆ ಫೋನ್ ಮಾಡಿದರೆ ಜಾಗ ಹೇಳಬೇಕು. ಫೋನಿನ ಮುಂದೆ ಒಂದು ಗಂಟೆ ನಿಂತೆ ಅಕ್ಕಾ. ಕೈ ಮೇಲೇಳಲಿಲ್ಲ.

ಯಾಕೆ ಅಂತ ಈಗ ಬರೆಯಲೇಬೇಕು. ಮೂರು ಕಾಗದ ಸುಟ್ಟಿದ್ದೂ ಇಲ್ಲಿಗೆ ಬಂದಮೇಲೆಯೇ. ಆರು ವರ್ಷದ ಹಿಂದೆ ಬಂಡೆಯ ಕೆಳಗಿನ ನಿನ್ನ ಇಪ್ಪತ್ತಮೂರು ರಾಣಿಗಳನ್ನು ಯಾರೋ ರಾತ್ರೋರಾತ್ರಿ ಅಗೆದುಕೊಂಡು ಹೋದರಲ್ಲ, ಆ ಜಾಗ ಗೊತ್ತಿದ್ದದ್ದು ನಿನಗೆ, ನನಗೆ, ನಮ್ಮನ್ನು ಗಾಡಿಯಲ್ಲಿ ಬಿಟ್ಟುಬಂದಿದ್ದ ನನ್ನ ಗಂಡ ಕ್ಲೆಮ್‌ಗೆ. ನೀನು ಆ ಗುಂಡಿಗಳ ಮಣ್ಣನ್ನು ಬೊಗಸೆಯಲ್ಲಿ ಹಿಡಿದುಕೊಂಡು ಬಂದು ನಮ್ಮ ಅಡಿಗೆಮನೆಯಲ್ಲಿ ನಿಂತೆ. ಈ ಮಣ್ಣಿನ ಬೂಷ್ಟು ಬಿಟ್ಟರೆ ಅವು ಬೇರೆಲ್ಲೂ ಒಂದು ವರ್ಷವೂ ಬದುಕಲ್ಲ, ಕದ್ದವನಿಗೂ ದಕ್ಕಲ್ಲ ಅಂತ ಅತ್ತೆ. ಆಮೇಲೆ ಕ್ಲೆಮ್ ಕಡೆ ತಿರುಗಿ, "ಕುಡಿಯೋ ಬಾಯಿಗೆ ಬೀಗ ಎಲ್ಲಿಂದ ಬರ್ಬೇಕು" ಅಂದೆ. ಅವನು ಟೋಪಿ ಹಾಕಿಕೊಂಡು ಕುರಿಗಳ ಕಡೆ ಹೊರಟುಹೋದ. ಆ ಬೇಸಿಗೆಗೆ ನೀನು ಮನೆ ಖಾಲಿ ಮಾಡಿ ಮಗಳ ಊರಿಗೆ ಹೋದೆ.

ಅಕ್ಕಾ, ಕ್ಲೆಮ್ ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ನಾನು.

ಅದಕ್ಕೆ ಹತ್ತು ದಿನ ಮುಂಚೆ ಕ್ಯಾಮೆರಾ ಹಾಕಿಕೊಂಡ ಗಂಡ ಹೆಂಡತಿ ಗೇಟಿನ ಹತ್ತಿರ ನಿಂತು ನೀರು ಕೇಳಿದರು. ಒಳಗೆ ಕರೆದೆ. ಆಕೆ ನನ್ನ ಸ್ಕೋನ್ ತಿಂದು, ಇಂಥದ್ದು ಅಮ್ಮ ಹೋದಮೇಲೆ ತಿಂದೇ ಇರಲಿಲ್ಲ ಅಂದಳು. ಹೂಗಳ ಹೆಸರೆಲ್ಲ ಪಟಪಟ ಹೇಳಿದಳು. ಈ ಊರಲ್ಲಿ ನಿನ್ನ ಬಿಟ್ಟರೆ ನನ್ನ ಹತ್ತಿರ ಹೂವಿನ ಮಾತಾಡುವವರು ಯಾರಿದ್ದರು ಹೇಳು? ಎಲ್ಲರೂ ಕೇಳುತ್ತಿದ್ದದ್ದು ನಿನ್ನನ್ನೇ, ನಾನು ನಿನ್ನ ಹಿಂದೆ ಬುಟ್ಟಿ ಹಿಡಿಯುವವಳು. ಒಂದು ದಿನ ನನಗೂ ಗೊತ್ತು ಅಂತ ತೋರಿಸುವ ಚಪಲ. ಹಿಟ್ಟಿನ ಚೀಲದ ಕಾಗದ ಹರಿದು ದಾರಿ ಬರೆದುಕೊಟ್ಟೆ. ನೀನು ಕೂಗಾಡಿ ಹೋದ ಸಂಜೆಯೇ ಕ್ಲೆಮ್‌ಗೆ ಎಲ್ಲ ಹೇಳಿ, ಈಗಲೇ ಹೋಗಿ ಅಕ್ಕನ ಕಾಲು ಹಿಡೀತೀನಿ ಅಂತ ಎದ್ದೆ. ಅವನೇ ಬಿಡಲಿಲ್ಲ. "ಅವಳಿಗೆ ಯಾರ ಮೇಲಾದ್ರೂ ಸಿಟ್ಟು ತೀರಿಸ್ಕೋಬೇಕು, ನನ್ನ ಮೇಲೇ ತೀರಿಸ್ಕೊಳ್ಲಿ ಬಿಡು. ನಾನು ಹೊರಗಿನವನು. ನಿನಗಿರೋಳು ಒಬ್ಬಳೇ ಅಕ್ಕ" ಅಂದ. ನನಗೂ ಅದೇ ಬೇಕಾಗಿತ್ತು ಅಂತ ಕಾಣುತ್ತದೆ, ಸುಮ್ಮನಾದೆ. ಒಂದು ದಿನ, ಒಂದು ತಿಂಗಳು, ಆರು ವರ್ಷ. ಹೋದ ಜೂನ್‌ನಲ್ಲಿ ಅವನು ತೀರಿಕೊಂಡಾಗ ನೀನು ಎರಡು ಸಾಲಿನ ಕಾರ್ಡು ಕಳಿಸಿದೆ, ಬರಲಿಲ್ಲ. ನಿನ್ನ ತಪ್ಪಲ್ಲ. ನಿನ್ನ ಸಿಟ್ಟು ಅವನ ಜೊತೆ ಮಣ್ಣಿಗೆ ಹೋಗಲಿ ಅಂತ ನಾನು ಬಿಟ್ಟುಬಿಟ್ಟೆನಲ್ಲ, ಅದು ನನ್ನದು.

ಅಂತೂ ಬುಧವಾರ ಸಂಜೆ ಪರ್ತ್‌ಗೆ ಫೋನ್ ಮಾಡಿದೆ. ಕಟರೀನಾ ಅಂತ ಒಬ್ಬಳು, ಮೂವತ್ತೂ ಆಗಿರಲಿಕ್ಕಿಲ್ಲ, ಶುಕ್ರವಾರ ಹನ್ನೊಂದಕ್ಕೆ ಮುಂಚೆ ಬರಲಾಗದು ಅಂದಳು. ಗ್ರೇಡರ್ ಏಳಕ್ಕೇ ಬರುತ್ತದೆ! ಇಲ್ಲಿ ಗ್ರೇಡರ್ ಓಡಿಸುವವನು ನಮ್ಮ ಡಾರ್ಸಿಯೇ, ಚರ್ಚಿನ ಭಾನುವಾರದ ಶಾಲೆಯಲ್ಲಿ ನೀನು ಕಿವಿ ಹಿಂಡಿ ಅಕ್ಷರ ಕಲಿಸಿದವನು, ಈಗ ಅವನಿಗೇ ಐವತ್ತು, ಅಜ್ಜ ಆಗಿದ್ದಾನೆ. ಗುರುವಾರ ಅವನ ಮನೆಗೆ ಹೋಗಿ ಮೊಗ್ಗಿನ ವಿಷಯ ಹೇಳಿದೆ. ಅವನ ಅಜ್ಜಿ ಈ ನೆಲದ ಮೂಲನಿವಾಸಿ, ನೂಂಗಾರ್ ಹೆಂಗಸು, ನಿನಗೆ ನೆನಪಿರಬೇಕು. "ನೀವು ಇದನ್ನ ಪುಸ್ತಕದಲ್ಲಿ ಹುಡುಕ್ತೀರಿ ನೋಲಕ್ಕಾ, ನಮ್ಮಜ್ಜಿ ಬಿಸಿ ಬೂದಿಯಲ್ಲಿ ಹುಡುಕ್ತಿದ್ಳು, ಗೆಡ್ಡೆ ಸುಟ್ಟು ತಿನ್ನೋಳು. ಆದ್ರೂ ಒಂದು ಕಡೆ ಎಲ್ಲಾ ಕೀಳೋಳಲ್ಲ" ಅಂದ. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ನಾಳೆ ನನ್ನ ಯಂತ್ರಕ್ಕೆ ಜ್ವರ ಬರೋ ಹಾಗಿದೆ, ಮಧ್ಯಾಹ್ನ ಮೂರರ ತನಕ ಇಳಿಯಲ್ಲ" ಅಂದ. ಅದಕ್ಕಿಂತ ಹೆಚ್ಚು ಅವನ ಕೈಲೂ ಆಗದು, ಅವನ ಹೊಟ್ಟೆಪಾಡು ಅದು.

ಶುಕ್ರವಾರ ಕಟರೀನಾ ಬಂದಳು, ಬಿಸಿಲು ಬರಲಿಲ್ಲ. ಹನ್ನೆರಡಾಯಿತು, ಮೊಗ್ಗು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅವಳು ಚೀಲದಿಂದ ಕತ್ತರಿ ತೆಗೆದಳು. ಕತ್ತರಿಸಿ ನಿಮ್ಮ ಒಲೆಯ ಹತ್ತಿರ ಇಟ್ಟರೆ ಅರ್ಧ ಗಂಟೆಯಲ್ಲಿ ಅರಳುತ್ತದೆ, ಹತ್ತು ಗಿಡ ಉಳಿಯುತ್ತವಲ್ಲ, ನನ್ನ ಹತ್ತಿರ ಪರವಾನಗಿ ಇದೆ ಅಂದಳು. ಅವಳು ಹೇಳಿದ್ದು ತಪ್ಪೇನಲ್ಲ. ಆದರೆ ಈ ವರ್ಷ ಬೀಜ ಕಟ್ಟಬೇಕಾದದ್ದು ಅದೊಂದೇ ಹೂವು. ನನಗೆ ಏನಾಯಿತೋ, ಆ ಹುಡುಗಿಯ ಕೈ ಹಿಡಿದುಕೊಂಡು, "ಒಲೆ ಹತ್ರ ಹೂವು ಬೇಡ, ಹೂವಿನ ಹತ್ರ ಒಲೆ ತರ್ತೀನಿ" ಅಂದುಬಿಟ್ಟೆ. ಕ್ಲೆಮ್ ಟೊಮೆಟೊ ಸಸಿಗೆ ಅಂತ ಹಳೆಯ ಕಿಟಕಿ ಬಿಚ್ಚಿ ತಳವಿಲ್ಲದ ಗಾಜಿನ ಪೆಟ್ಟಿಗೆ ಮಾಡಿದ್ದ. ಅದನ್ನು ಡಾರ್ಸಿ ಗಾಡಿಗೆ ಹಾಕಿಕೊಂಡು ಬಂದ. ಮೊಗ್ಗಿನ ಮೇಲೆ ಕವಿಚಿ ಇಟ್ಟು, ಒಳಗೆ ಸುತ್ತಲೂ ಬಿಸಿನೀರಿನ ರಬ್ಬರ್ ಚೀಲಗಳು, ಮನೆಯಲ್ಲಿದ್ದ ಎರಡು, ಡಾರ್ಸಿಯ ಹೆಂಡತಿಯದು ಒಂದು, ಉಳಿದದ್ದಕ್ಕೆ ಜಾಮ್ ಬಾಟಲಿಗಳು. ಆರಿದ್ದನ್ನು ತೆಗೆಯುವುದು, ಬಿಸಿಯದನ್ನು ಇಡುವುದು. ಡಾರ್ಸಿ ಕೆಟಲ್ ಹೊತ್ತು ಓಡಾಡಿ ಓಡಾಡಿ, "ನನ್ನ ಹೆಂಡ್ತಿ ನಾಲ್ಕು ಹೆತ್ಳು ನೋಲಕ್ಕಾ, ನಾಲ್ಕಕ್ಕೂ ಸೇರಿ ನಾನು ಇಷ್ಟು ನೀರು ಕಾಯಿಸಿಲ್ಲ" ಅಂದ. ಕಟರೀನಾ ಮೊದಲು ನಕ್ಕಳು, ಆಮೇಲೆ ಅವಳೂ ಅಂಗಿ ಕೊಳೆಯಾಗುವುದು ನೋಡದೆ ನನ್ನ ಪಕ್ಕ ಹೊಟ್ಟೆಯ ಮೇಲೆ ಮಲಗಿದಳು.

ಎರಡೂವರೆ ದಾಟಿತ್ತು. ಡಾರ್ಸಿ ಗಡಿಯಾರ ನೋಡಿದ, ಮತ್ತೆ ಕೆಟಲ್ ಎತ್ತಿಕೊಂಡ. ಆಗ ಒಂದು ಎಸಳು ತುಸು ಸಡಿಲಾಯಿತು, ನಿದ್ದೆಯಲ್ಲಿ ಮಗು ಮುಷ್ಟಿ ಬಿಟ್ಟ ಹಾಗೆ. ಇನ್ನೊಂದು. ನಾನು ಉಸಿರು ಬಿಗಿಹಿಡಿದಿದ್ದೆ, ಗಾಜು ಮಬ್ಬಾದೀತು ಅಂತ. ನೇರಳೆ, ಅದರ ಮೇಲೆ ಕೆಂಪು ಚುಕ್ಕೆ, ಅಂಚಿಗೆ ಅರಿಶಿನ ತೀಡಿದ ಹಾಗೆ. ಕಟರೀನಾ ಗಾಜು ಎತ್ತಿಸಿ, ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ನಡುವಿನ ಕಂಬ ನೋಡಿದಳು. ಎರಡೂ ಕಡೆ ಹಳದಿ ಕಿವಿ, ಅಗಲ. "ಗುಂಗುರಿನ ಕಿವಿ ಇಷ್ಟು ಅಗಲ ಇರಲ್ಲ, ಮೈಮೇಲೆ ಈ ಚುಕ್ಕೇನೂ ಇರಲ್ಲ. ಇದು ರಾಣಿ" ಅಂದಳು, ದೇವರ ಮನೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ. ಡಾರ್ಸಿ ಟೋಪಿ ತೆಗೆದ. ನಾನು ಅತ್ತೆನೋ ನಕ್ಕೆನೋ ನೆನಪಿಲ್ಲ. ಬಾಯಿಗೆ ಬಂದದ್ದು ನಿನ್ನ ಹೆಸರು, ಅಷ್ಟು ಗೊತ್ತು.

ನಮ್ಮ ಅಡಿಗೆಮನೆಯಿಂದಲೇ ಅವಳು ಕೌನ್ಸಿಲ್‌ಗೆ ಫೋನ್ ಮಾಡಿದಳು, ಕಾಗದವನ್ನೂ ಬರೆದುಕೊಟ್ಟಳು. ಎಂಜಿನಿಯರ್ ಗೊಣಗಿದ, "ಒಂದು ಹೂವಿಗೋಸ್ಕರ ಲಾರಿಗಳೆಲ್ಲ ಪಕ್ಕಕ್ಕೆ ಸರೀಬೇಕಾ?" ಅಂತ. ಆದರೂ ಆಡಿದ ಮಾತಿಗೆ ತಪ್ಪಲಿಲ್ಲ. ರಸ್ತೆ ಎದುರು ಬದಿಗೆ ಸರಿಯುತ್ತದೆ, ಈ ಪಟ್ಟಿ ಉಳಿಯುತ್ತದೆ. ಗೂಟಗಳನ್ನು ಡಾರ್ಸಿಯೇ ಕಿತ್ತು ಗಾಡಿಗೆ ಎಸೆದ. ಮುಗಿಯಿತಲ್ಲ, ಇನ್ನು ಮಲಗು ನೋಲಾ ಅಂತೀಯಾ? ಈಗ ಆ ಜಾಗ ಐದು ಜನಕ್ಕೆ ಗೊತ್ತು. ಒಂದೊಂದು ಕಾರಿನ ಧೂಳೆದ್ದರೂ ಕಿಟಕಿಗೆ ಓಡುತ್ತೇನೆ. ನಿನ್ನೆ ಸಂಜೆ ಒಂದು ಗಾಡಿ ಅಲ್ಲೇ ನಿಂತಿತು ಅಂತ ಪೊರಕೆ ಹಿಡಿದುಕೊಂಡು ಓಡಿದೆ. ನೋಡಿದರೆ ನಮ್ಮ ಪಾದ್ರಿಗಳು, ಪಾಪ, ಮೂತ್ರಕ್ಕೆ ನಿಂತಿದ್ದರು. ಭಾನುವಾರ ಚರ್ಚಿನಲ್ಲಿ ಯಾವ ಮುಖ ಇಟ್ಟುಕೊಂಡು ಕೂರಲಿ! ಇವತ್ತು ಬೆಳಿಗ್ಗೆ ಎರಡು ಸಲ ಹೋಗಿ ನೋಡಿ ಬಂದೆ. ಇದೆ. ಮೋಡ ಇದ್ದದ್ದರಿಂದ ಮತ್ತೆ ಮುಚ್ಚಿಕೊಂಡಿದೆ, ಆದರೆ ಇದೆ.

ನಿನ್ನ ಮಗಳಿಗೂ ಅಳಿಯನಿಗೂ ನನ್ನ ಪ್ರೀತಿ ತಿಳಿಸು. ಸಣ್ಣವನ ಹಲ್ಲು ಬಿದ್ದವೇ? ತಣ್ಣೀರಲ್ಲಿ ಪಾತ್ರೆ ತೊಳೆಯಬೇಡ, ಗಾಳಿಗೆ ಶಾಲು ಹೊದ್ದುಕೋ. ದೇವರು ನಿನ್ನ ಹೊಸ ಕಾಲಿಗೆ ಹಳೆಯ ನಡಿಗೆ ಕೊಡಲಿ.

ಕ್ಷಮಿಸು ಅಂತ ಕೇಳುವ ಬಾಯಿ ಇಲ್ಲದ ನಿನ್ನ ತಂಗಿ,
ನೋಲಾ

ಮರೆತೆ: ಡಾರ್ಸಿ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅವನ ಮಗಳು ನಿಮ್ಮೂರಲ್ಲಿ ಹೆತ್ತಿದ್ದಾಳೆ, ಮೊಮ್ಮಗು ನೋಡಲು ಹೊರಟಿದ್ದಾನೆ. ಇದನ್ನು ಅಂಚೆಗೆ ಹಾಕುತ್ತಿಲ್ಲ, ಅವನ ಕೈಯಲ್ಲೇ ಕೊಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಎಂಟಕ್ಕೆ ಅವನು ವಾಪಸ್ ಹೊರಡುತ್ತಾನೆ, ಗಾಡಿಯ ಮುಂದಿನ ಸೀಟು ಖಾಲಿ, ನಿನ್ನ ಸೊಂಟಕ್ಕೆ ಅಂತ ದಿಂಬು ಇಟ್ಟಿದ್ದೇನೆ. ಹೂವು ಇನ್ನೊಂದು ವಾರ ಇದ್ದೀತು. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಡಾರ್ಸಿಯ ಮನೆಯಲ್ಲಿ ಇಳಿದುಕೋ, ಜಾಗ ಅವನೇ ತೋರಿಸುತ್ತಾನೆ, ಆ ಹೊತ್ತು ನಾನು ಆ ಕಡೆ ಸುಳಿಯುವುದಿಲ್ಲ. ಆದರೆ ಬಾ. ನಾನು ಏನು ಬರೆದಿದ್ದೇನೆ ಅಂತ ಅವನಿಗೆ ಗೊತ್ತಿಲ್ಲ, ಅವನಿಗೆ ಏನೂ ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಅವನು ಬಂದಾಗ ನಿನ್ನ ಚೀಲ ಅವನ ಕೈಗೆ ಕೊಡು, ಸಾಕು.