ಪಾರವ್ವಕ್ಕನ ಎದುರು ಓದಿದ ಪುಸ್ತಕ

ಗುರುವಾರ, 6 ಆಗಸ್ಟ್ 1936

ಇವರು ಖಡಕಿಯ ಕಾರ್ಖಾನೆಯಿಂದ ಬರುವಷ್ಟರಲ್ಲಿ ರೊಟ್ಟಿ ಬಡಿದಿಟ್ಟೆ. ಗಂಟಲು ಕಟ್ಟಿದೆ. ಎರಡು ತಾಸು ಒಂದೇ ಸಮನೆ ಓದಿದ್ದೇನೆ.

ಈ ಮರಾಠಿ ಊರಿನ ಕ್ಯಾಂಪ್ ಪೇಟೆಯಲ್ಲಿ ಗೌರಾಬಾಯಿಯವರ ಅರಿವೆ ಅಂಗಡಿಯ ಮಾಳಿಗೆ. ಪ್ರತಿ ಗುರುವಾರ ಮಧ್ಯಾಹ್ನ ಏಳೆಂಟು ಜನ ಕನ್ನಡದ ಹೆಂಗಸರು ಸೇರುತ್ತೇವೆ. ಸರಾಗ ಓದಲು ಬರುವುದು ನನಗೊಬ್ಬಳಿಗೇ. ಈ ಸಲದ್ದು ದುಃಖದ ಕಾದಂಬರಿ. ಗಂಡನ ಹೊಡೆತ ತಾಳದೆ ಮಗಳು ತವರಿಗೆ ಓಡಿ ಬಂದು ಬಾಗಿಲು ಬಡಿಯುತ್ತಾಳೆ... ಅಲ್ಲಿಗೆ ಪುಸ್ತಕ ಮುಚ್ಚಿದೆ. ‘ಮುಂದ? ಮುಂದ?’ ಎಂದರು ಎಲ್ಲರೂ. ಮುಂದಿನ ವಾರ! ಅವರನ್ನು ಹಾಗೆ ಕಾಯಿಸುವುದು ನನಗೆ ಇಷ್ಟ. ಇಲ್ಲಿ ಬರೆಯಲು ಯಾರ ಭಯ—ಇಷ್ಟ.

ಗುರುವಾರ, 13 ಆಗಸ್ಟ್

ಇವತ್ತಿನದನ್ನು ಬರೆಯದೆ ಮಲಗಲಾರೆ.

ತಾಯಿ ಬಾಗಿಲು ತೆರೆಯುತ್ತಾಳೆ. ಮದುವೆಗೆ ಇನ್ನಿಬ್ಬರು ಹೆಣ್ಣುಮಕ್ಕಳಿದ್ದಾರೆ, ಜನ ಏನೆಂದಾರು ಎಂದು ಮಗಳನ್ನು ತಿರುಗಿ ಕಳಿಸುತ್ತಾಳೆ. ಒಂಬತ್ತನೇ ದಿನ ಮಗಳು ಬಾವಿಗೆ ಬೀಳುತ್ತಾಳೆ. ತಾಯಿಯ ಮಾತನ್ನು ನಾನು ಧ್ವನಿ ಬದಲಿಸಿ, ಕೈ ತಿರುವಿ ಓದಿದೆ. ಎಲ್ಲರೂ ಅತ್ತರು. ಹೋಟೆಲಿನವರ ಮನೆಯ ವಸಂತಿ ಮೂಗು ಒರೆಸುತ್ತ, ‘ಒಂದು ರಾತ್ರಿ ಮಲಗಲಿಕ್ಕೆ ಜಾಗ ಕೊಡ್ಲಿಕ್ಕೆ ಆಗ್ಲಿಲ್ವಾ ಮಾರಾಯ್ತಿಗೆ?’ ಎಂದಳು.

ನಾನು ಅಂದೆ, ‘ಅಂಥಾಕಿಗೆ ತಾಯಿ ಅನಬಾರದು. ಕೈಯಾರೆ ಕೊಂದಾಳ.’

‘ಹೌದ್ರಿ, ಹೌದ್ರಿ,’ ಎಂದರು ಉಳಿದವರು.

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಪಾರವ್ವಕ್ಕ ಎದ್ದರು. ಐವತ್ತರ ಮೇಲಿನ ವಯಸ್ಸು, ಯಾವತ್ತೂ ಮಾತಿಲ್ಲದವರು. ‘ತಲಿ ನೋಯಾಕತ್ತದ’ ಎಂದು ಮೆಟ್ಟಿಲಿಳಿದು ಹೋದರು. ಹತ್ತಿ ಅಲ್ಲೇ ಬಿಟ್ಟಿದ್ದರು.

ಎಲ್ಲರೂ ಹೋದ ಮೇಲೆ ಗೌರಾಬಾಯಿ ಹೇಳಿದರು. ‘ಶಿವಬಸವ್ವಾ, ನಿನಗ ಗೊತ್ತಿಲ್ಲೇನ? ಅವರ ಮಗಳೂ ಹಿಂಗ ಓಡಿ ಬಂದಿದ್ಳು. ಬಗಲಾಗ ಕೂಸು. ಹೊಂದಿಕೊಂಡು ಹೋಗು ಅಂತ ಗಾಡಿ ಹತ್ತಿಸಿ ಕಳಿಸಿದ್ರು. ತಿಂಗಳಿಗೆ ಮಗಳು ಸತ್ಳಂತ ತಾರು ಬಂತು.’

ಕೈಯಲ್ಲಿ ಪುಸ್ತಕವಿತ್ತು. ಎಲ್ಲಿಡಬೇಕೋ ತಿಳಿಯಲಿಲ್ಲ.

ಶನಿವಾರ, 15 ಆಗಸ್ಟ್

‘ಗೊತ್ತಿಲ್ಲದ ಅಂದಿ, ಬಿಡು’ ಎನ್ನುತ್ತಾರೆ ಇವರು. ಪೂರ್ತಿ ನಿಜವಲ್ಲ. ಓದುವಾಗಲೇ ಪಾರವ್ವಕ್ಕ ತಲೆ ತಗ್ಗಿಸಿದ್ದನ್ನು ಕಂಡಿದ್ದೆ. ನನ್ನ ಓದಿಗೆ ಕರಗಿದರು ಎಂದುಕೊಂಡೆ. ಧ್ವನಿ ಇನ್ನಷ್ಟು ಏರಿಸಿದೆ.

ಗುರುವಾರ, 27 ಆಗಸ್ಟ್

ಹೋದ ವಾರ ಜ್ವರ ಎಂದು ಸುಳ್ಳು ಹೇಳಿ ಕಳಿಸಿದೆ. ಇವತ್ತು ಮಾಳಿಗೆಗೆ ಹೋಗದೆ ನೇರ ಪಾರವ್ವಕ್ಕನ ಮನೆಗೆ. ‘ತಪ್ಪಾತ್ರಿ’ ಎನ್ನಲು ಬಾಯಿ ತೆರೆದೆ. ಅವರು ಚಾಪೆ ಹಾಸಿದರು.

‘ಪುಸ್ತಕ ತಂದೀಯೇನ? ಆ ತಾಯಿ ಮುಂದ ಏನ ಮಾಡ್ತಾಳ? ಅದನ್ನ ಓದು.’

ಪುಸ್ತಕದಲ್ಲಿ ಆ ತಾಯಿ ಮತ್ತೆ ಬರುವುದೇ ಇಲ್ಲ. ನನಗೆ ಗೊತ್ತು. ಆದರೂ ತೆರೆದೆ. ಇಲ್ಲದ್ದನ್ನು ಓದಿದೆ—ತಾಯಿ ಅತ್ತು ಅತ್ತು ಸೊರಗಿದಳು, ಶ್ರೀಶೈಲಕ್ಕೆ ಹೋದಳು, ಅಲ್ಲೇ ಶಾಂತಿಯಿಂದ ಕಣ್ಣು ಮುಚ್ಚಿದಳು...

‘ಪುಸ್ತಕದ ಹಾಳಿ ತಿರುವಲೇ ಇಲ್ಲಲ್ಲ ತಂಗಿ,’ ಎಂದರು.

ಮುಖ ಸುಟ್ಟ ಹಾಗಾಯಿತು. ಮೊದಲು ಅವಮಾನ ಮಾಡಿದೆ, ಈಗ ಮೋಸ.

ಸಿಟ್ಟಿಗೇಳಲಿಲ್ಲ ಅವರು. ‘ಆಕಿ ಸಾಯೂದಿಲ್ಲ. ಮುಂಜಾನೆ ಏಳತಾಳ. ಚಹಾ ಕುಡೀತಾಳ. ಹೊತ್ತಿಗೆ ಸರಿಯಾಗಿ ಹಸಿವಿ ಆಗ್ತದ—ಅದಕ್ಕ ಭಾಳ ನಾಚಿಕಿ ಬರ್ತದ.’

ಪುಸ್ತಕ ಮುಚ್ಚಿ ಬದಿಗಿಟ್ಟೆ. ಆಮೇಲೆ ಅವರೇ—‘ಕೂಸು ಗೋಕಾಕದಾಗ ಅದ, ಅಪ್ಪನ ಕಡೆ. ಐದು ವರ್ಷ ಆತು, ನೋಡಿಲ್ಲ. ಯಾವ ಮುಖ ಇಟ್ಕೊಂಡು ಕೇಳಲಿ? ನೀ ಒಂದು ಕಾಗದ ಬರದು ಕೊಡ್ತೀ?’

ಬರೆದೆ. ಅವರು ಹೇಳಿದಷ್ಟೇ. ಒಂದು ಮಾತೂ ಸೇರಿಸಲಿಲ್ಲ.

ಶನಿವಾರ, 12 ಸೆಪ್ಟೆಂಬರ್

ಪಾರವ್ವಕ್ಕನಿಗೆ ಗೋಕಾಕದಿಂದ ಉತ್ತರ ಬಂತು. ಅಳಿಯನ ಕೈಬರಹ. ಒಳ್ಳೆಯ ಮಾತು ಒಂದೂ ಇಲ್ಲ. ‘ಬೇಕಿದ್ದರೆ ಬಂದು ನೋಡಿ ಹೋಗಿರಿ. ಕರೆದುಕೊಂಡು ಹೋಗುವ ಮಾತು ಎತ್ತಬಾರದು. ಹುಡುಗಿಗೆ ನಿಮ್ಮ ಗುರುತಿಲ್ಲ.’ ಕೊನೆಯ ಸಾಲಿಗೆ ನಾಲಿಗೆ ತಡೆಯಿತು. ಆದರೂ ಇದ್ದ ಹಾಗೆ ಓದಿದೆ.

‘ನೋಡಬಹುದು ಅಂದಾನಲ್ಲ,’ ಎಂದರು ಪಾರವ್ವಕ್ಕ. ಇನ್ನೊಮ್ಮೆ ಓದಿಸಿದರು. ‘ನೀನೂ ಬರ್ತೀ? ಒಬ್ಬಾಕಿಗೇ ಆ ಬಾಗಿಲಾ ಬಡಿಯಾಕ ಆಗೂದಿಲ್ಲ.’

ಇವರು ಮೊದಲು ಗೊಣಗಿದರು. ಆಮೇಲೆ ‘ಹೋಗಿ ಬಾ’ ಎಂದರು.

ಮಂಗಳವಾರ, 15 ಸೆಪ್ಟೆಂಬರ್. ಬೆಳಗಿನ ಐದು

ಪಾರವ್ವಕ್ಕ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದಾರೆ. ಗಂಟಿನಲ್ಲಿ ಮೊಮ್ಮಗಳಿಗೆ ಎರಡು ಪರಕಾರದ ಲಂಗ. ಅಳತೆ ಗೊತ್ತಿಲ್ಲ, ಅದಕ್ಕೆ ಒಂದು ದೊಡ್ಡದು, ಒಂದು ಸಣ್ಣದು ಹೊಲಿಸಿದ್ದಾರೆ.

‘ನಮ್ಮವ್ವ ಯಾಕ ಸತ್ಳು ಅಂತ ಕೂಸು ಕೇಳಿದ್ರ?’ ಎಂದರು.

 ಅಷ್ಟು ಜನರ ಮುಂದೆ ಅಷ್ಟು ಜೋರಾಗಿ ತೀರ್ಪು ಕೊಟ್ಟ ನನಗೆ ಒಂದು ಮಾತೂ ಹೊಳೆಯಲಿಲ್ಲ.

‘ನಾನ ಕಳಿಸಿದೆ ಅಂತ ಹೇಳ್ತೀನಿ,’ ಎಂದರು. ‘ಆಮ್ಯಾಗ ಅದು ನನ್ನ ಹತ್ರ ಬರ್ತದೋ ಇಲ್ಲೋ...’

ಟಾಂಗಾ ಬಂತು. ಎದ್ದು ನಿಂತಿದ್ದಾರೆ. ಕೈ ಹಿಡಿಯಬೇಕು ಅನಿಸುತ್ತಿದೆ, ಹಿಡಿಯಲು ನಾನು ಯಾರು? ಪೆನ್ನು ಇಟ್ಟು ಅವರ ಗಂಟನ್ನಾದರೂ ಎತ್ತಿಕೊಳ್ಳುತ್ತೇನೆ.