ಲಾರಿ ಹೋಗೂತನಕ

ಕಿತ್ತೂರ, ೧೨-೨-೨೦೦೪

ಅಕ್ಕಾ,

ಆರಾಮ ಬಂದು ಮುಟ್ಟೇನಿ. ಹೈವೇ ಬಾಜೂಕಿನ ಮನಿಮನಿಗೆ ಹೋಗಿ, "ಗಾಡಿ ಸಪ್ಪಳದಿಂದ ಎಷ್ಟು ತ್ರಾಸ ಆಗತೈತ್ರಿ? ಸೊನ್ನಿಯಿಂದ ಹತ್ತರೊಳಗ ಒಂದು ಅಂಕಿ ಹೇಳ್ರಿ" ಅಂತ ಕೇಳೂದು ನನ್ನ ಕೆಲಸ. ತ್ರಾಸ ಭಾಳ ಅಂದಲ್ಲಿ ಸಪ್ಪಳ ತಡಿಯಾಕ ಗ್ವಾಡಿ ಕಟ್ಟತಾರಂತ. ಆದ್ರ ಈ ಮಂದಿ, ಮನಿಗೆ ಬಂದವ್ರ ಮುಂದ ತ್ರಾಸ ಹೇಳಕೊಳ್ಳೂದ ಇಲ್ಲ!

ನಿನ್ನೆ ಸಿದ್ದಲಿಂಗವ್ವ ಅನ್ನೋ ಆಯಿ ಚಾ ಕೊಟ್ಟು, "ನಮಗೇನ ತ್ರಾಸಿಲ್ಲ ತಂಗಿ..." ಅನ್ನೂದರಾಗ ಲಾರಿ ಬಂತು. ಆಯಿ ಬಾಯಿ ಮುಚ್ಚಿದ್ಲು. ಲಾರಿ ದಾಟಿದಮ್ಯಾಲೆ, "...ಸೊನ್ನಿ ಬರಕೋ" ಅಂತ ಮಾತು ಮುಗಿಸಿದ್ಲು. ಮಗಾ, ಸೊಸಿನೂ ಹಂಗ. ಅರ್ಧ ಮಾತಿಗೆ ನಿಂತು, ಲಾರಿ ಹೋದಮ್ಯಾಲೆ ಅಲ್ಲಿಂದನ ಮುಂದ ಶುರು ಮಾಡತಾರ. ಹಿಂಗ ಮಾಡತೇವಿ ಅನ್ನೂದ ಅವರಿಗೆ ಗೊತ್ತಿಲ್ಲ. ನನಗ ಸಿಟ್ಟು ಬಂತು. ಆದ್ರ ಅವರು ಹೇಳಿದ್ದನ್ನ ಬರೀಬೇಕಲ್ಲ, ಸೊನ್ನಿನ ಬರದೆ.

ತಲಿನೋವಿಗೆ ಗುಳಿಗಿ ತಗೊಂಡೇನಿ, ಚಿಂತಿ ಬ್ಯಾಡ. ಶನಿವಾರ ಮನೋಳಿಗೆ ಬರತೇನಿ. ನಿಮ್ಮ ಪಡಸಾಲ್ಯಾಗ ಕುಂತು ಮಾತಾಡಕೋತ ನಡುವ ಸುಮ್ಮನಾದ್ರ ನಗಬ್ಯಾಡ, ಒಂಚೂರು ತಡಿ. ನನಗೂ ಆ ರೂಢಿ ಹತ್ತೇತಿ.

ಗಡಿಬಿಡಿಯಾಗ,
ಶಿವಲೀಲಾ